ಗುಡಾಣದೊಳಗಿನ ಋಷಿ

ದೇವರ ಕೋಣೆಯ ಗೋಡೆಯ ಹಿಂದಿನಿಂದ ಆವತ್ತು ಮಾತಾಡಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಗ ನನಗೆ ಹದಿನೆಂಟು. ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದು ಹೆಬ್ಬಾಳದ ಮನೆಯಲ್ಲಿ ಅಜ್ಜಿಯ ಜೊತೆಗಿದ್ದೆ. ಓದು ತಲೆಗೆ ಹತ್ತದಿದ್ದರೂ ಇನ್ನೊಬ್ಬರ ದನಿ ಬೇಗ ನಾಲಿಗೆಗೆ ಹತ್ತುತ್ತಿತ್ತು. ಶಾನುಭೋಗರು, ಬಸ್ ಕಂಡಕ್ಟರು, ಹಾಲು ಕರೆಯಲು ಕೂತವರನ್ನೆಲ್ಲ ಒದೆಯುತ್ತಿದ್ದ ನಮ್ಮ ಎಮ್ಮೆ, ಯಾರನ್ನೂ ನಾನು ಅಣಕಿಸದೆ ಬಿಡುತ್ತಿರಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು ತೊದಲುತ್ತಿದ್ದ ನನ್ನನ್ನೇ ಅಣಕಿಸಿ ತೋರಿಸಿದರೆ ಜನ ಎಲ್ಲಕ್ಕಿಂತ ಹೆಚ್ಚು ನಗುತ್ತಿದ್ದರು.

ಆ ವರ್ಷ ಯಲಹಂಕದ ಟೆಂಟಿಗೆ ಒಂದು ಭಯಂಕರ ರಹಸ್ಯದ ಚಿತ್ರ ಬಂದಿತ್ತು. ಅದರಲ್ಲೊಂದು ಹಳೇ ತಾಳೆಗರಿ ಕಟ್ಟು. ಅದನ್ನು ಬಿಚ್ಚಿದವರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಾರೆ. ಬಿಚ್ಚುವ ಮೊದಲು ಗುಹೆಯೊಳಗಿಂದ ಋಷಿಯ ದನಿಯೊಂದು ಎಚ್ಚರಿಸುತ್ತದೆ, ಆದರೂ ಬಿಚ್ಚುತ್ತಾರೆ, ಇಲ್ಲದಿದ್ದರೆ ಸಿನಿಮಾ ಎರಡನೇ ರೀಲಿಗೇ ಮುಗಿದುಹೋಗುತ್ತಿತ್ತು. ಕೊನೆಗೆ ಹೀರೋ ಕಟ್ಟನ್ನು ಹಾಗೇ ಹೊಳೆಗೆ ಎಸೆಯುತ್ತಾನೆ, ಊರು ಉಳಿಯುತ್ತದೆ. ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು, ರೀಲು ಬದಲಿಸುವಾಗೆಲ್ಲ ದೀಪ ಹಾಕುತ್ತಿದ್ದರು. ಆ ಐದು ನಿಮಿಷ ನನ್ನದು. ಮರಳಿನ ಮೇಲೆ ಕೂತಲ್ಲಿಂದಲೇ ಋಷಿಯ ದನಿ ತೆಗೆದರೆ ಬೆಂಚಿನವರೂ ತಿರುಗಿ ನೋಡುತ್ತಿದ್ದರು. ನಾಲ್ಕನೇ ಸಲ ಹೋಗುವಾಗ ಅಜ್ಜಿಯನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಅವಳು ಪಕ್ಕದಲ್ಲಿದ್ದಳೆಂದು ಆವತ್ತು ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ. ಋಷಿ ಮಾತಾಡಿದಾಗಲೆಲ್ಲ ಅವಳು ತೆರೆಗೆ ಕೈ ಮುಗಿದಳು.

ನಮ್ಮ ಮನೆಯಲ್ಲೂ ಅಂಥದ್ದೊಂದು ಓಲೆಗರಿ ಕಟ್ಟು ಇತ್ತು. ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದರು. ನವರಾತ್ರಿಯ ಸರಸ್ವತಿ ಪೂಜೆಯ ದಿನ ಅದನ್ನು ಇಳಿಸಿ, ನನ್ನ ಪಾಠದ ಪುಸ್ತಕಗಳ ಜೊತೆ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ವಿಜಯದಶಮಿಗೆ ಮತ್ತೆ ಮೇಲಿಡುವುದು. ಓದಲು ಬರುತ್ತಿದ್ದದ್ದು ತಾತನಿಗೆ ಮಾತ್ರ. ತಾತ ಹೋಗಿ ಆರು ವರ್ಷವಾಗಿತ್ತು. ಅದರಲ್ಲಿ ಏನಿದೆ ಎಂದು ಉಳಿದ ಯಾರಿಗೂ ಗೊತ್ತಿರಲಿಲ್ಲ.

ಗೊತ್ತುಮಾಡಿಕೊಳ್ಳಬೇಕೆಂದು ಇದ್ದವರು ಕೆಂಪಾಪುರದ ಮೇಷ್ಟ್ರು. ನನಗೆ ಕನ್ನಡ ಕಲಿಸಲು ಹೋಗಿ ಸೋತವರು, ಆಗ ರಿಟೈರ್ ಆಗಿದ್ದರು. ಸುತ್ತಲ ಹಳ್ಳಿಗಳ ಮನೆಮನೆಗೆ ನಡೆದು ಹೋಗಿ ಇಂಥ ಗರಿಗಳನ್ನು ನೋಟ್‌ಬುಕ್ಕಿಗೆ ಇಳಿಸುವುದು ಅವರ ಕೆಲಸ. ನಮ್ಮದನ್ನು ಕೊಡುತ್ತೇನೆಂದು ತಾತ ಮಾತು ಕೊಟ್ಟಿದ್ದರಂತೆ. ಪ್ರತಿ ನವರಾತ್ರಿಗೂ ಮೇಷ್ಟ್ರು ಬಂದು ಕೇಳುವುದು, ಮುಂದಿನ ವರ್ಷ ನೋಡೋಣ ಎಂದು ಅಜ್ಜಿ ಹೇಳುವುದು. ಈ ಸಲ ಅವರು ಕಣ್ಣಿಗೆ ಪೊರೆ ಬರುತ್ತಿದೆ, ಮುಂದಿನ ವರ್ಷಕ್ಕೆ ಅಕ್ಷರ ಕಾಣಲಿಕ್ಕಿಲ್ಲ ಎಂದರು. ಅಜ್ಜಿ ಕರಗಿ, ವಿಜಯದಶಮಿ ಬೆಳಿಗ್ಗೆ ಬಂದು ಬಿಚ್ಚಿ ಎಂದುಬಿಟ್ಟಳು.

ಮೇಷ್ಟ್ರು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಬಂದರು. ಕೈಯಲ್ಲಿ ಹೊಸ ನೋಟ್‌ಬುಕ್ಕು, ಅಕ್ಷರ ಎದ್ದು ಕಾಣಲೆಂದು ಗರಿಗೆ ಬಳಿಯುವ ಕಾಡಿಗೆಯ ಡಬ್ಬಿ. ನನಗೆ ಅವರೊಮ್ಮೆ ಬೆಚ್ಚಿಬೀಳುವುದನ್ನು ನೋಡಬೇಕಿತ್ತು, ಅಷ್ಟೇ. ದೇವರ ಕೋಣೆಯ ಹಿಂದೆ ಉಗ್ರಾಣ, ನಡುವಿನ ಗೋಡೆಯಲ್ಲಿ ಗವಾಕ್ಷಿ. ಖಾಲಿ ರಾಗಿ ಗುಡಾಣದೊಳಗೆ ತಲೆ ಹಾಕಿ ಋಷಿಯ ದನಿಯಲ್ಲಿ ಹೇಳಿದೆ, "ಈ ಕಟ್ಟು ಬಿಚ್ಚಿದ ಮನೆಯ ವಂಶ ಉಳಿಯದು."

ಮೇಷ್ಟ್ರು ಬೆಚ್ಚಲಿಲ್ಲ. ಮೂರು ವರ್ಷ ನನ್ನನ್ನು ಕ್ಲಾಸಿನಲ್ಲಿ ಸಹಿಸಿಕೊಂಡವರು, ಗೋಡೆಯ ಕಡೆ ನೋಡಿ ನಸ್ಯ ಏರಿಸಿದರು. ನೆಲಕ್ಕೆ ಅಡ್ಡಬಿದ್ದವಳು ಅಜ್ಜಿ. ಅವಳ ವಂಶ ಎಂದರೆ ನಾನೊಬ್ಬನೇ ಎಂಬುದು ನನಗೆ ಗುಡಾಣದೊಳಗೆ ಹೊಳೆದಿರಲಿಲ್ಲ.

ನಾನು ತಲೆಯ ತುಂಬ ರಾಗಿ ಧೂಳಿನೊಂದಿಗೆ ಹೊರಗೆ ಬರುವಷ್ಟರಲ್ಲಿ ಅವಳು ಕಟ್ಟಿಗೊಂದು ಗುಂಡುಕಲ್ಲು ಬಿಗಿಯುತ್ತಿದ್ದಳು. ಸವೆದ ಗರಿಗಳನ್ನು ನೀರಿಗೆ ಬಿಡುವುದು ಮೊದಲಿಂದ ಇದ್ದ ಪದ್ಧತಿ, ಜೊತೆಗೆ ಸಿನಿಮಾದಲ್ಲೂ ಹಾಗೇ ಮಾಡಿದ್ದರಲ್ಲ. ಮಾತಾಡಿದ್ದು ನಾನು ಎಂದೆ. ನಂಬಲಿಲ್ಲ. ಮಾಡಿ ತೋರಿಸು ಎಂದಳು. ತೋರಿಸಿದೆ. ಟೆಂಟಿನಲ್ಲೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಅಜ್ಜಿ ನನಗೇ ಕೈ ಮುಗಿದಳು.

"ನೋಡಿದ್ರಾ ಮೇಷ್ಟ್ರೇ, ಮೈಮ್ಯಾಲೆ ಬಂದವ್ನೆ."

ಮೇಷ್ಟ್ರು ಮೆಲ್ಲಗೆ ನನ್ನ ಕಡೆ ಬಾಗಿ, "ಇನ್ ಬಾಯ್ ಮುಚ್ಕೊಳ್ಳೋ" ಎಂದರು.

ಕೆರೆಯ ದಾರಿಯಲ್ಲಿ ಅಜ್ಜಿ ಮುಂದೆ, ಮೇಷ್ಟ್ರು ಅವಳ ಹಿಂದೆ, ನಾನು ಎಲ್ಲರಿಗಿಂತ ಹಿಂದೆ. ಮನೆಯಲ್ಲಿ ಬೇಡ, ಏರಿಯ ಮೇಲೆ ಕೂತು ಒಂದೇ ಒಂದು ದಿನ ಓದುತ್ತೇನೆ, ಆಮೇಲೆ ನಾನೇ ನೀರಿಗೆ ಬಿಡುತ್ತೇನೆ ಎಂದು ಮೇಷ್ಟ್ರು ಬೇಡಿಕೊಂಡರು. ಅಜ್ಜಿ ತಿರುಗದೆ, "ನಂಗಿರೋದು ಒಂದೇ ಮೊಮ್ಮಗ" ಎಂದಳು.

ಅವಳು ಮೊಳಕಾಲು ಮಟ್ಟ ನೀರಿಗೆ ಇಳಿದಾಗ ಮೇಷ್ಟ್ರು ನನ್ನ ತೋಳು ಹಿಡಿದರು. ನನ್ನ ಅಣಕವನ್ನು ಕಂಡರಾಗದ ಅವರು ಆವತ್ತು ಕೇಳಿದರು, "ನಿಮ್ ತಾತನ್ ದನಿ ಬರುತ್ತೇನೋ?"

ಬರುತ್ತಿತ್ತು. ಅಜ್ಜಿಗೆ ನೋವಾದೀತೆಂದು ಅದೊಂದನ್ನು ಮಾತ್ರ ಯಾರ ಮುಂದೆಯೂ ತೆಗೆದಿರಲಿಲ್ಲ. ತಾತನ ಹಾಗೆ ಮೊದಲು ಎರಡು ಸಲ ಕೆಮ್ಮಿದೆ. "ಲೇ, ಅದ್ನ ಮೇಷ್ಟ್ರಿಗೆ ಕೊಡೆ. ನಾನ್ ಮಾತ್ ಕೊಟ್ಟಿದ್ದೆ."

ಅಜ್ಜಿ ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತಾತ ಎದುರಿದ್ದರೆ ಮಾತ್ರ ಅವಳು ಹಾಗೆ ಮಾಡುತ್ತಿದ್ದದ್ದು. ಮೇಷ್ಟ್ರು ಪಂಚೆ ನೆನೆಯುವುದನ್ನೂ ನೋಡದೆ ಎರಡೂ ಕೈ ಚಾಚಿ ನೀರಿಗಿಳಿದರು. ಅವರು ಹತ್ತಿರ ಹೋಗುವ ಮೊದಲೇ ಅಜ್ಜಿ ಬಾಗಿ ಕಟ್ಟನ್ನು ಬಿಟ್ಟಳು. ಕಲ್ಲು ಎಳೆದುಕೊಂಡು ಹೋಯಿತು. ಆಮೇಲೆ ತಿರುಗಿದಳು. ನನ್ನ ಮುಖ ನೋಡಲಿಲ್ಲ, ನನಗಿಂತ ಎತ್ತರವಿದ್ದ ತಾತನ ಮುಖ ಎಲ್ಲಿರುತ್ತಿತ್ತೋ ಅಲ್ಲಿಗೆ, ನನ್ನ ತಲೆಯಿಂದ ಒಂದು ಗೇಣು ಮೇಲಕ್ಕೆ ನೋಡಿ ಹೇಳಿದಳು:

"ನೀವ್ ಬದ್ಕಿದ್ದಾಗ್ಲೇ ನಿಮ್ ಮಾತ್ ಕೇಳ್ದೋಳಲ್ಲ ನಾನು, ಈಗ ಕೇಳ್ತೀನಾ? ಸುಮ್ಕಿರಿ."