ಮೂರು ಮೀಟರ್ ದಾರಿ ಬಿಟ್ಟ ಹುಡುಗಿ

ಕಳೆದ ಭಾನುವಾರ ನನ್ನ ತಮ್ಮನ ಮಗಳು ಒಂದು ಮಾರ್ಕಿನಲ್ಲಿ ಸೋತಳು. ಅದೂ ಯಾವ ಪ್ರಶ್ನೆಗೆ ಗೊತ್ತೇ? ಗಣಿತ ಅಂದರೆ ಇಂದಿಗೂ ಬೆವರುವ ನಾನೇ ಬಾಯಿಲೆಕ್ಕದಲ್ಲಿ ಹೇಳಿಬಿಡಬಹುದಾಗಿದ್ದ ಪ್ರಶ್ನೆಗೆ.

ಮಾಂಬಳ್ಳಿಯ ಸಹನಾಗೆ ಈಗ ಹತ್ತನೇ ಕ್ಲಾಸು. ಮೈಸೂರಿನ ವಿಶ್ವವಿದ್ಯಾಲಯವೊಂದು ಹೈಸ್ಕೂಲು ಮಕ್ಕಳಿಗೆ ಗಣಿತ ಸ್ಪರ್ಧೆ ಇಟ್ಟಿತ್ತು. ಎರಡು ತಿಂಗಳಿಂದ ಟಿವಿ ಮುಟ್ಟದೆ ತಯಾರಾಗಿದ್ದಳು. ತಮ್ಮನಿಗೆ ಕಬ್ಬಿನ ಕಟಾವು. ಹಾಗಾಗಿ ಕರೆದುಕೊಂಡು ಹೋಗುವ ಭಾಗ್ಯ ಕೊಳ್ಳೇಗಾಲದ ಈ ಅತ್ತೆಯದು.

ಬೆಳಿಗ್ಗೆ ಹತ್ತು ಪ್ರಶ್ನೆ. ಹತ್ತಕ್ಕೆ ಹತ್ತೂ ಬಂದವರಿಗಷ್ಟೇ ಮಧ್ಯಾಹ್ನ ಫೈನಲ್. ಬೋರ್ಡಿಗೆ ರಿಸಲ್ಟ್ ಅಂಟಿಸಿದರು. ಸಹನಾಗೆ ಒಂಬತ್ತು! ಮರದ ಕೆಳಗೆ ಚಿತ್ರಾನ್ನದ ಡಬ್ಬಿ ತೆರೆದಿದ್ದವಳು ಹಾಗೇ ಮುಚ್ಚಿ, ಅವಳನ್ನೂ ಎಳೆದುಕೊಂಡು ಸ್ಪರ್ಧೆ ನಡೆಸುತ್ತಿದ್ದ ಪ್ರೊಫೆಸರ್ ಬಳಿ ನಡೆದೆ. (ಜಗಳಕ್ಕೆ ಹೊಟ್ಟೆ ಖಾಲಿ ಇದ್ದರೇ ಒಳ್ಳೆಯದು.)

ಅವರು ತಾಳ್ಮೆಯಿಂದ ಪೇಪರ್ ತೆಗೆದು ತೋರಿಸಿದರು. ನೂರಿಪ್ಪತ್ತು ಮೀಟರ್ ಉದ್ದ, ಎಂಬತ್ತು ಮೀಟರ್ ಅಗಲದ ಹೊಲವನ್ನು ಅಣ್ಣತಮ್ಮಂದಿರಿಬ್ಬರು ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು? ಉತ್ತರ 4800 ಚದರ ಮೀಟರ್. ನಮ್ಮ ಹುಡುಗಿ ಬರೆದದ್ದು 4620.

ಮಿಕ್ಕ ಜಾಗ ಎಲ್ಲಿ ಹೋಯಿತು ಎಂದು ಪ್ರೊಫೆಸರ್ ಕೇಳಿದರು.

"ನಡೂಕೆ ಮೂರ್ ಮೀಟ್ರು ದಾರಿ ಬುಟ್ಟಿವ್ನಿ ಸಾ. ಇಬ್ರಿಗೂ ಟ್ರಾಕ್ಟ್ರು ಓಗ್ಬೇಕಲ್ವಾ?"

ತಪ್ಪೇನಿದೆ ಹೇಳಿ? ನಮ್ಮ ಕಡೆ ಪಾಲು ಅಂದರೆ ಮೊದಲು ದಾರಿ ಬಿಟ್ಟು ಆಮೇಲೆ ಅಳತೆಯ ಹಗ್ಗ ಹಿಡಿಯುವುದು. ದಾರಿ ಬಿಡದೆ ಹೊಲ ಹಂಚಿದ ಪಂಚಾಯ್ತಿಯನ್ನು ನಾನಂತೂ ಕಂಡಿಲ್ಲ.

ಗಣಿತದಲ್ಲಿ ಗೆರೆಗೆ ಅಗಲವೇ ಇರುವುದಿಲ್ಲ, ನಡುವೆ ಒಂದು ಗೆರೆ ಎಳೆದರೆ ಮುಗಿಯಿತು ಎಂದು ಅವರು ವಿವರಿಸಿದರು. ಸಹನಾ ಬಗ್ಗಿ ಪೇಪರನ್ನು ಇನ್ನೊಮ್ಮೆ ನೋಡಿದಳು.

"ಅಂಗಾರೆ ಅದ್ರ ಮೇಲೆ ನಡ್ಯೋದೆಂಗೆ ಸಾ?"

ಪ್ರೊಫೆಸರ್ ನಕ್ಕರು. ಚಾಕಲೇಟ್ ಕೊಟ್ಟರು. ಮಾರ್ಕು ಕೊಡಲಿಲ್ಲ.

ಬಸ್ಸಿನಲ್ಲಿ ಅವಳ ಕಣ್ಣು ತುಂಬಿದ್ದು ನೋಡಿ ನನಗೂ ಸಂಕಟವಾಯಿತು. ಅಪ್ಪ ಬೈದರೆ ಎನ್ನುವ ಭಯ ಬೇರೆ ಅವಳಿಗೆ. ನಾನೇ ತಮ್ಮನಿಗೆ ಫೋನ್ ಮಾಡಿ, ಅಳತೆ ಸಮೇತ ನಡೆದದ್ದೆಲ್ಲ ಒಪ್ಪಿಸಿದೆ. ಅವನು ಎಲ್ಲ ಕೇಳಿಸಿಕೊಂಡ. ಕೊನೆಗೆ ಕೇಳಿದ:

"ಮೂರೇ ಮೀಟ್ರು ಬುಟ್ಟವ್ಳಾ? ಕಬ್ಬು ತುಂಬ್ಕಂಡು ಟ್ರಾಕ್ಟ್ರು ತಿರುಗ್ಸೋದೆಂಗಕ್ಕ?"

ಗೆರೆಗೆ ಅಗಲವಿಲ್ಲವಂತೆ. ಹಾಗಾದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿರುವುದು ಯಾವುದಕ್ಕೆ ಸ್ವಾಮಿ?