ಬೈರಣ್ಣನ ತುರಿಕೆ, ಮಂಗಮ್ಮನ ಕೈ

ಜರಗನಹಳ್ಳಿಯ ಬೈರಣ್ಣನಿಗೆ ಕುರಿಗಳ ಮೇಲಿದ್ದ ಅಕ್ಕರೆ ಹೆಂಡತಿಯ ಮೇಲಿರಲಿಲ್ಲ ಎಂದರೆ ಮಂಗಮ್ಮ ಒಪ್ಪುತ್ತಿರಲಿಲ್ಲ. ಮೊದಲು ಇತ್ತು ಎನ್ನುತ್ತಿದ್ದಳು. ಹೊಲವೆಲ್ಲ ಲೇಔಟ್ ಆಗಿ, ಮನೆಯ ಮೇಲೆ ಬಾಡಿಗೆ ರೂಮುಗಳೆದ್ದ ಮೇಲೂ ಅವನು ನಾಲ್ಕು ಕುರಿ ಉಳಿಸಿಕೊಂಡಿದ್ದ. ಉಳಿದ ಒಂದೇ ಖಾಲಿ ಸೈಟಿನಲ್ಲಿ ಎದೆಯೆತ್ತರ ಕಾಂಗ್ರೆಸ್ ಗಿಡ ಬೆಳೆದಿತ್ತು. ಹಗಲೆಲ್ಲ ಕುರಿಗಳನ್ನು ಅಲ್ಲಿ ಬಿಟ್ಟು, ಸಂಜೆ ಒಂದೊಂದನ್ನೇ ಮಕ್ಕಳಂತೆ ತಬ್ಬಿ ಎತ್ತಿಕೊಂಡು ಬಂದು ಕೊಟ್ಟಿಗೆಗೆ ಸೇರಿಸುತ್ತಿದ್ದ.

ತೊಂಬತ್ತೇಳರ ಮಳೆಗಾಲದಲ್ಲಿ ಅವನಿಗೆ ತುರಿಕೆ ಹತ್ತಿತು. ಕುತ್ತಿಗೆ, ರೆಪ್ಪೆ, ಮೊಣಕೈ ಮಡಿಕೆ, ಬೆನ್ನು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕನಕಪುರ ರಸ್ತೆಯ ಬಸ್ಸಿನಲ್ಲಿ ಕಂಬಕ್ಕೆ ಬೆನ್ನುಜ್ಜಿ ಬೈಸಿಕೊಂಡ. ನಂಜೆಂದು ಬದನೆಕಾಯಿ ಬಿಟ್ಟ, ಮೀನು ಬಿಟ್ಟ. ತುರಿಕೆ ಅವನನ್ನು ಬಿಡಲಿಲ್ಲ. ವಿಲ್ಸನ್ ಗಾರ್ಡನ್ನಿನ ಮಗಳ ಮನೆಯಲ್ಲಿ ಕೆಲವು ದಿನ ಒಬ್ಬನೇ ಹೋಗಿ ಉಳಿದಾಗ ಮಾತ್ರ ಮೈ ತಣ್ಣಗಾಯಿತು. ವಾಪಸು ಬಂದದ್ದೇ ಮತ್ತೆ ಕೆಂಪಗಾಯಿತು. ಬುದ್ಧಿವಂತ ಲೆಕ್ಕ ಹಾಕಿದ: ಅಲ್ಲಿ ಇಲ್ಲದೆ ಇಲ್ಲಿ ಇರುವುದು ಯಾವುದು? ಹೆಂಡತಿ.

"ನೀನು ಮುಟ್ಟಿದ್ರೇ ಕಡಿಯೋದು. ದೂರ ಇರು," ಎಂದ, ಅದೂ ಬೀಗರ ಎದುರಿಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮಂಗಮ್ಮ ಸೋಪು ಬದಲಿಸಿದಳು, ಅರಿಶಿನ ಹಚ್ಚುವುದನ್ನು ಬಿಟ್ಟಳು, ತಟ್ಟೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿಯುವುದನ್ನು ಕಲಿತಳು. ಅವನ ಹಾಸಿಗೆ ಜಗಲಿಗೆ ಹೋಯಿತು. ಅವಮಾನವನ್ನು ಹೇಗೋ ನುಂಗಿಕೊಂಡಳು. ಆದರೆ ತನ್ನ ಕೈಯಲ್ಲಿ ನಿಜಕ್ಕೂ ಏನೋ ಇದೆಯೆಂದು ಅವಳೂ ನಂಬತೊಡಗಿದ್ದಳು. ಮಗಳು ಬಂದಾಗ ಮೊಮ್ಮಗುವನ್ನು ಎತ್ತಿಕೊಳ್ಳಲು ಹೆದರಿ, ಒಳಗೂ ಹೊರಗೂ ಸುಮ್ಮನೆ ಓಡಾಡುತ್ತಿದ್ದಳು.

ಮೇಲಿನ ರೂಮಿನಲ್ಲಿ ಮೌನೇಶ ಬಾಡಿಗೆಗಿದ್ದ. ಸುರಪುರದ ಕಡೆಯವನು, ಕುರಿಗಳ ಚರ್ಮದ ಅಲರ್ಜಿ ಪರೀಕ್ಷಿಸುವ ಲ್ಯಾಬೊಂದರಲ್ಲಿ ಅವನಿಗೆ ಕೆಲಸ. ಒಂದು ಭಾನುವಾರ ಬೈರಣ್ಣನ ಕುರಿಯ ಹೊಟ್ಟೆಯಲ್ಲಿ, ಉಣ್ಣೆ ತೆಳುವಾದಲ್ಲಿ, ಕೆಂಪು ದದ್ದು ಕಂಡು ನಿಂತ. ಕೇಳಿಕೊಂಡು ಸಾಸಿವೆಯಷ್ಟು ಚರ್ಮ ತೆಗೆದುಕೊಂಡು ಹೋದ. ಆಮೇಲೆ ಮಂಗಮ್ಮನನ್ನು ಲ್ಯಾಬಿಗೇ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ. ಒಂದು ಕಣ್ಣು ಮುಚ್ಚಿ ನೋಡಿದಳು. ನೇರಳೆ ಚುಕ್ಕೆಗಳು ಒಂದೆಡೆ ಸಂತೆಯಂತೆ ನೆರೆದಿದ್ದವು.

"ಇವು ಕಾವಲು ಕಣ ನೋಡ್ರಿ ಅಕ್ಕಾ," ಎಂದ. "ಮೊದಲ ಸಲ ತಾಗಿದ್ದಕ್ಕ ಏನೂ ಮಾಡಂಗಿಲ್ಲ, ಗುರುತು ಇಟ್ಕೊಂತಾವ. ಗುರುತಾತು ಅಂದ್ರ, ಮುಂದ ತಾಗಿದಾಗೆಲ್ಲ ಹಿಂಡುಗಟ್ಟಿ ಬರ್ತಾವ. ಆಮ್ಯಾಲ ಮರಿಯಂಗಿಲ್ರಿ."

ಕುರಿಗೆ ಕಾಂಗ್ರೆಸ್ ಗಿಡ ಒಗ್ಗಿರಲಿಕ್ಕಿಲ್ಲ, ಅದರ ಧೂಳು ಉಣ್ಣೆಯಲ್ಲಿ ಕೂತಿರುತ್ತದೆ, ಅದನ್ನೇ ದಿನಾ ತಬ್ಬುವ ಅಣ್ಣನಿಗೂ ಅದೇ ಇರಬೇಕು ಎಂದು ವಿವರಿಸಿದ. ಮಂಗಮ್ಮ ಕೇಳಿದ್ದು ಒಂದೇ.

"ಹಂಗಾದ್ರೆ ನನ್ ಕೈ ಅಲ್ವಾ?"

ಅಲ್ಲವೆಂದ. ಅವಳು ಅಲ್ಲಿಯೇ, ಸೀಸೆಗಳ ನಡುವೆ, ಗಳಗಳನೆ ಅತ್ತಳು.

ಮೌನೇಶ ಹೇಳಿದ ಚರ್ಮದ ಡಾಕ್ಟರು ಬೈರಣ್ಣನ ತೋಳಿಗೆ ಆ ಗಿಡದ ಪುಡಿಯ ಪಟ್ಟಿ ಅಂಟಿಸಿ ಕಳಿಸಿದರು. ಎರಡು ದಿನ ಬಿಟ್ಟು ಬಿಚ್ಚಿದಾಗ ಅಲ್ಲಿ ಮಾತ್ರ ಕೆಂಡದ ಕೆಂಪು. ಇನ್ನು ಅನುಮಾನ ಉಳಿಯಲಿಲ್ಲ. ಗಿಡ ಕೀಳಿಸಿದ್ದಾಯಿತು, ಕುರಿಗಳು ತಮ್ಮನ ಊರಿಗೆ ಹೋದವು. ಬೈರಣ್ಣ ಎರಡು ದಿನ ಹೆಂಡತಿಯ ಮುಖ ನೋಡದೆ ಓಡಾಡಿದ. ಕೊನೆಗೆ ಮದ್ದಿನ ಟ್ಯೂಬು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತ. ತಪ್ಪಾಯಿತೆನ್ನುವ ಬಾಯಲ್ಲ ಅದು.

"ಬೆನ್ನಿಗೆ ಕೈ ಎಟುಕಲ್ಲ. ಹಚ್ತೀಯಾ?"

ಮಂಗಮ್ಮನಿಗೆ ಸಿಟ್ಟೂ ಬಂತು, ಎದೆಯೂ ತುಂಬಿತು. ಅವನ ಹಿಂದೆ ಕೂತು ಬೆರಳಿಟ್ಟಳು. ಇಟ್ಟ ಕೂಡಲೇ ಅವನ ಬೆನ್ನು ಬೆಚ್ಚಿ ಮುಂದಕ್ಕೆ ಸರಿಯಿತು.

"ಬೇಕಂತ ಮಾಡ್ಲಿಲ್ಲ ಕಣೆ," ಎಂದ ಬೈರಣ್ಣ.

"ಗೊತ್ತು," ಎಂದಳು. "ಗುರುತಾದ್ಮೇಲೆ ಮರೆಯಲ್ವಂತೆ."

ಕೈ ಹಿಂದಕ್ಕೆ ತೆಗೆಯಲಿಲ್ಲ. ಪೂರ್ತಿ ಹಚ್ಚಿದಳು. ಮುಗಿಯುವವರೆಗೂ ಅವನು ಹಲ್ಲು ಕಚ್ಚಿಕೊಂಡು, ಸರಿಯದೆ ಕೂತಿದ್ದ.