ಕುಣಿಗಲ್‌ನವರ ಕೊನೆಯ ರೈಡ್

ಗುಬ್ಬಿಯಲ್ಲಿ ಕಬಡ್ಡಿಯನ್ನು ಇನ್ನೂ ಮಣ್ಣಿನ ಮೇಲೇ ಆಡುತ್ತಿದ್ದ ಕಾಲ. ಬೇಸಿಗೆ ಬಂತೆಂದರೆ ಮೈದಾನಕ್ಕೆ ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಒದ್ದೆ ಮಣ್ಣಿನ ವಾಸನೆಗೆ ಹುರಿದ ಕಡ್ಲೆಕಾಯಿಯ ವಾಸನೆ ಸೇರಿದರೆ ಸಾಕು, ಹುಡುಗಿಯರಾದ ನಾವೂ ಕುಂಟಾಬಿಲ್ಲೆ ಬಿಟ್ಟು ಓಡುತ್ತಿದ್ದೆವು.

ಅಲ್ಲಿ ಮುಂದಿನ ಸಾಲಿನಲ್ಲಿ ನನಗೊಂದು ಜಾಗ ಖಾಯಂ. ನಾನು ದಸ್ತಗೀರ್ ಸಾಬರ ಮಗಳಲ್ಲವೇ! ಬಸ್ ಸ್ಟ್ಯಾಂಡ್ ಹಿಂದೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅಬ್ಬಾ ಒಂದು ಕಾಲಕ್ಕೆ ದೇಶದ ತಂಡದಲ್ಲಿ ಆಡಿದವರು, ಢಾಕಾದ ತನಕ ಹೋಗಿ ಬಂದವರು. ರೈಡ್‌ಗೆ ಬಂದವನ ಕಾಲು ಹಿಡಿದರೆ ಬಿಡುವ ಮಾತೇ ಇಲ್ಲ. ಆ ಹಿಡಿತಕ್ಕೆ ಅವರ ಒಂದು ಕಿವಿ ಜಜ್ಜಿಹೋಗಿತ್ತು, ಬಲಗೈಯ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಆ ಬೆರಳು ಮುಟ್ಟಿನೋಡಲು ನನ್ನ ಗೆಳತಿಯರು ಸಾಲು ನಿಲ್ಲುತ್ತಿದ್ದರು. ಒಪ್ಪಿಗೆ ಕೊಡುವ ದೊಡ್ಡಸ್ತಿಕೆ ನನ್ನದು.

ನಾನು ಆರನೇ ಕ್ಲಾಸ್ ಮುಗಿಸಿದ ಬೇಸಿಗೆಯಲ್ಲಿ, ಆಟ ಬಿಟ್ಟು ಎಷ್ಟೋ ವರ್ಷವಾಗಿದ್ದ ಅಬ್ಬಾನನ್ನು ಊರಿನವರು ಬಲವಂತ ಮಾಡಿ ಮತ್ತೆ ಇಳಿಸಿದರು. ಎದುರಾಳಿ ಕುಣಿಗಲ್. ಅವರ ಮುಖ್ಯ ರೈಡರ್ ಅಮ್ಮಿಯ ತಮ್ಮ, ನಮ್ಮ ನಜೀರ್ ಮಾಮು!

"ಬಾಮೈದ ಅಂತ ಬುಟ್ಬುಡ್ಬೇಡಿ ಸಾಬ್ರೇ," ಎಂದು ಟೀ ಅಂಗಡಿಯ ಶಿವಣ್ಣ ಕಿಚಾಯಿಸಿದ.

"ಗೆರೆ ಒಳಗೆ ಬಾಮೈದ ಯಾರು ಬುಡು," ಎಂದು ಅಬ್ಬಾ ನಕ್ಕರು. ಅಮ್ಮಿ ಟ್ರಂಕಿನಿಂದ ನೀಲಿ ಬನಿಯನ್ ತೆಗೆದುಕೊಟ್ಟಳು. ಅದು ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು.

ಕೊನೆಯ ರೈಡ್. ಪಾಯಿಂಟ್ ಸಮಸಮ. ಮಾಮು ನುಗ್ಗಿ ಬಂದ, ಕೈ ಬೀಸಿದ, ಯಾರೂ ಸಿಗದೆ ವಾಪಸ್ ಗೆರೆ ದಾಟಿದ. ಪಾಯಿಂಟ್ ಇಲ್ಲವೆಂದು ಅಂಪೈರ್ ಕೈ ಆಡಿಸಿದರು. ಮಾಮು ತಲೆ ತಗ್ಗಿಸಿದ. ಸೋಲು ತಪ್ಪಿತೆಂದು ನಾವು ಕುಣಿಯತೊಡಗಿದೆವು. ಅಷ್ಟರಲ್ಲಿ ಅಬ್ಬಾ ಕೈ ಎತ್ತಿ ಅಂಕಣದಿಂದ ಹೊರಗೆ ನಡೆದರು. ತಾಗಿಸಿಕೊಂಡವನು ತಾನೇ ಕೈ ಎತ್ತಿ ಹೊರಗೆ ಬರಬೇಕೆಂಬುದು ಆಗಿನ ಪದ್ಧತಿ. ಬಿಗಿ ಪಂದ್ಯದಲ್ಲಿ ಎಲ್ಲರೂ ಅದನ್ನು ಪಾಲಿಸುತ್ತಿದ್ದರೆಂದಲ್ಲ. ಒಂದು ಪಾಯಿಂಟಿನಲ್ಲಿ ಗುಬ್ಬಿ ಸೋತಿತು.

"ಏನ್ಲಾ ಇದು, ಬಾಮೈದಂಗೆ ಆಟ ಬುಟ್ಕೊಟ್ಬುಟ್ಟ!" ಎಂದು ಯಾರೋ ಕೂಗಿದರು. ಕಡ್ಲೆಕಾಯಿ ಸಿಪ್ಪೆ ಅಬ್ಬಾನ ಮೇಲೆ ಬಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಓಡಿದೆ. ಆಮೇಲೆ ಶಿವಣ್ಣ ಕಿಚಾಯಿಸುವುದನ್ನು ನಿಲ್ಲಿಸಿದ. ಗೆಳತಿಯರಿಗೆ ಅಬ್ಬಾನ ಬೆರಳು ಬೇಡವಾಯಿತು.

ಮನೆಮಾತು ಉರ್ದುವಾದರೂ ಆಟದ ವಿಷಯ ಬಂದರೆ ಅಬ್ಬಾ ಕನ್ನಡಕ್ಕೇ ಇಳಿಯುತ್ತಿದ್ದರು. ಒಂದು ದಿನ ಅಂಗಡಿಯಲ್ಲಿ ತಡೆಯಲಾರದೆ ಕೇಳಿಬಿಟ್ಟೆ.

"ನಿಜವಾಗ್ಲೂ ತಾಗಿತ್ತಾ ಅಬ್ಬಾ?"

"ತಾಗಿತ್ತು ಕಣಮ್ಮ. ಬೆರಳ ತುದಿ, ಭುಜಕ್ಕೆ."

"ಯಾರೂ ನೋಡಿರ್ಲಿಲ್ವಲ್ಲ! ಮಾಮುಗೇ ಗೊತ್ತಾಗ್ಲಿಲ್ಲ."

"ಔಟಾದವ್ನು ಒಳಗೆ ನಿಂತ್ಕೊಂಡ್ ಏನ್ ಮಾಡ್ಲಿ?" ಎಂದು ಅವರು ವೆಲ್ಡಿಂಗ್ ಕನ್ನಡಕ ಇಳಿಸಿಕೊಂಡರು.

ಅಬ್ಬಾ ಹೋಗಿ ಬಹಳ ಕಾಲವಾಯಿತು. ಈಗ ತುಮಕೂರಿನಲ್ಲಿ ಮ್ಯಾಟ್ ಮೇಲೆ ಆಟ, ದೀಪಗಳು, ಮೈಕಿನ ಅಬ್ಬರ. ಮೊನ್ನೆ ಅಲ್ಲಿ ನನ್ನ ಕಿರಿಯ ಮಗ ಇರ್ಫಾನ್ ಆಡಿದ. ಕೊನೆಯ ರೈಡಿನಲ್ಲಿ ಎದುರಾಳಿಯ ಬೆರಳು ಅವನ ಮೊಣಕಾಲಿಗೆ ತಾಗಿತು. ರೈಡರ್ ಪಾಯಿಂಟ್ ಕೇಳಿದ. ಇರ್ಫಾನ್ ತಾಗಲೇ ಇಲ್ಲವೆಂದು ಅಂಪೈರ್‌ಗೆ ತಲೆಯಾಡಿಸಿದ. ಅಂಪೈರ್ ನಂಬಿದರು. ಅವನ ತಂಡ ಗೆದ್ದಿತು.

"ನೋಡಿದ್ಯಾ ಅಮ್ಮಿ, ಹೆಂಗೆ ಗೆದ್ವಿ!" ಎಂದು ಬೈಕ್ ಸ್ಟಾರ್ಟ್ ಮಾಡುತ್ತಾ ಕೇಳಿದ.

"ನೋಡ್ದೆ ಕಣೋ," ಎಂದೆ.

ತಾಗಿತ್ತಾ ಎಂದು ಅವನನ್ನು ಕೇಳಲು ನನಗೆ ಬಾಯಿರಲಿಲ್ಲ. ತಾಗಿದ್ದನ್ನು ಕಣ್ಣಾರೆ ಕಂಡೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದವಳು ನಾನು, ದಸ್ತಗೀರ್ ಸಾಬರ ಮಗಳು.